ಪ್ರಾರ್ಥನೆಗೆ ಕಟ್ಟಿದ ಚೀಟಿ

ನಾವು ಪೇಪರ್ ಓದುವ ಹಾಗೆ ನನ್ನ ಅಕ್ಕ ಬಟ್ಟೆಯ ಮೇಲಿನ ಕಲೆ ಓದುತ್ತಾಳೆ. ಇಪ್ಪತ್ತಾರು ವರ್ಷದಿಂದ ಒಂದೇ ಲಾಂಡ್ರಿಯಲ್ಲಿ ಒಂದೇ ಮೇಜಿನ ಮುಂದೆ ನಿಂತವಳು. ಬಟ್ಟೆ ಒಳಗೆ ಬಂದ ಕೂಡಲೇ ಬೆಳಕಿಗೆ ಹಿಡಿದು, ಕಲೆ ಎಲ್ಲಿದೆ, ಯಾವುದರದ್ದು, ಎಷ್ಟು ಹಳೆಯದು ಎಂದು ಸಣ್ಣ ಚೀಟಿಯಲ್ಲಿ ಬರೆದು, ಅದನ್ನು ಗುಂಡಿಯ ಕಾಜಕ್ಕೆ ದಾರದಿಂದ ಕಟ್ಟುವುದು ಅವಳ ಕೆಲಸ. 'ಬಲ ತೋಳು, ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ, ಎಣ್ಣೆ.' 'ಕಾಲರಿನ ಒಳಗೆ, ಬೆವರು, ಹಳೆಯದು.' ಚೀಟಿಯಲ್ಲಿ ಹೆಸರು ಮಾತ್ರ ಬರೆಯುವಂತಿಲ್ಲ. ಯಾರ ಬಟ್ಟೆಯಲ್ಲಿ ಯಾವ ಕಲೆ ಇತ್ತು ಎಂದು ಕೆಲಸದವರು ಆಡಿಕೊಳ್ಳಬಾರದು ಎಂಬುದು ಮಾಲೀಕರ ಕಟ್ಟಪ್ಪಣೆ. ಹೆಸರಿಲ್ಲದಿದ್ದರೂ ಮಿಕ್ಕಿದ್ದೆಲ್ಲ ಸರಿಯಾಗಿ ಬರೆದಿದ್ದರೆ ಬಟ್ಟೆ ಸೇರಬೇಕಾದವರಿಗೇ ಸೇರುತ್ತದೆ ಎಂದು ಅಕ್ಕ ನಂಬಿದ್ದಾಳೆ. ಈ ಒಂದು ನಂಬಿಕೆಯಿಂದ ನಮ್ಮ ಮನೆಯಲ್ಲಿ ಏನೇನಾಯಿತು ಎಂದು ಹೇಳುತ್ತೇನೆ.

ಅವಳ ಇನ್ನೊಂದು ನಂಬಿಕೆ ರೇಡಿಯೊ. ಲಾಂಡ್ರಿಯಲ್ಲಿ ಹಬೆ ಬಿಡುವ ಇಸ್ತ್ರಿ ಯಂತ್ರದ ಮೇಲಿನ ಹಲಗೆಯಲ್ಲಿ ಅದು ಕೂತಿರುತ್ತದೆ. ಅದರ ಏರಿಯಲ್ ಎಂದೋ ಮುರಿದು, ಈಗ ಅದರ ಜಾಗದಲ್ಲಿ ಬಟ್ಟೆ ನೇತುಹಾಕುವ ತಂತಿ ಸಿಕ್ಕಿಸಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಅದರಲ್ಲಿ ಬರುವುದು ಒಂದೇ ಸ್ಟೇಷನ್, ಕ್ರೈಸ್ತರದ್ದು. ಹಾಡು, ವಾಕ್ಯ, ಪ್ರಸಂಗ, ಮತ್ತೆ ಹಾಡು. ಮೂರನೆಯ ಸಲವೂ ಬಸಿರು ನಿಲ್ಲದ ವರ್ಷ, ಅಕ್ಕ ಮೇಜಿನ ಮುಂದೆ ನಿಂತು ಚೀಟಿ ಬರೆಯುತ್ತಲೇ ಅಳುತ್ತಿದ್ದಳಂತೆ. ಅಲ್ಲಿ ಗುಂಡಿ ಹೊಲಿಯುವ ಮುದುಕಿಯೊಬ್ಬರಿದ್ದಾರೆ, ಎಲ್ಲರಿಗೂ ಗುಂಡಿ ಅಜ್ಜಿ. ಈ ಅಳು ಮಾಲೀಕರ ಕಿವಿಗೆ ಬೀಳದಿರಲಿ ಎಂದು ಅವರು ರೇಡಿಯೊದ ಕಿವಿ ಹಿಂಡಿದರಂತೆ. ಒಳಗಿನಿಂದ ಯಾರೋ, "ಈಗ ಕೆಲಸ ಮಾಡುತ್ತಲೇ ನನ್ನನ್ನು ಕೇಳುತ್ತಿರುವ ಸಹೋದರಿಯೇ, ನೀನು ಒಂಟಿಯಲ್ಲ" ಎಂದರಂತೆ. ಅಂದಿನಿಂದ ಅಕ್ಕ ಆ ಸ್ಟೇಷನ್ನಿನವಳಾದಳು.

ನನಗೆ ಇಂಥದ್ದು ಹಿಡಿಸುವುದಿಲ್ಲ. "ಆ ಹೊತ್ತಿಗೆ ಸಾವಿರ ಜನ ಸಹೋದರಿಯರು ಕೆಲಸ ಮಾಡ್ತಿದ್ರು ಕಣೆ, ನಿನಗೊಬ್ಬಳಿಗೇ ಹೇಳಿದ್ದಾ?" ಎಂದು ಕೆಣಕಿದ್ದೆ.

"ಇರ್ಲಿ ಬಿಡು. ಅವರಿಗೂ ಹೇಳಿದ್ರು, ನನಗೂ ಹೇಳಿದ್ರು. ನನ್ನ ಪಾಲಿಂದು ಏನು ಕಡಿಮೆ ಆಯ್ತು?" ಎಂದಳು. ರೇಡಿಯೊದ ಮೇಲೆ ಅವಳಿಗೆ ಇದ್ದದ್ದು ಒಂದೇ ತಕರಾರು. ಬೆಳಿಗ್ಗೆ ಹತ್ತೂವರೆಗೆ ಕೇಳುಗರ ಕಾಗದ ಓದಿ ಪ್ರಾರ್ಥನೆ ಮಾಡುತ್ತಾರಲ್ಲ, ಅದರಲ್ಲಿ ಎಲ್ಲರೂ ಬರೆಯುವುದು 'ಒಬ್ಬ ಸಹೋದರಿಯ ಮೊಣಕಾಲು ನೋವಿಗಾಗಿ', 'ಒಬ್ಬ ಸಹೋದರನ ಕಷ್ಟಕ್ಕಾಗಿ' ಎಂದು. ಅಕ್ಕನಿಗೆ ಮೈ ಉರಿಯುತ್ತಿತ್ತು. "ಯಾವ ಕಾಲು? ಎಷ್ಟು ದಿನದ ನೋವು? ಹೀಗೆ ಅರೆಬರೆ ಬರೆದ್ರೆ ಆ ಪ್ರಾರ್ಥನೆ ಎಲ್ಲಿಗೆ ಹೋಗಿ ಸೇರ್ಬೇಕು?" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ.

ಅವಳ ಗಂಡ, ನನ್ನ ಭಾವ, ಬಸ್ ಡ್ರೈವರ್. ಹದಿನೇಳನೇ ನಂಬರ್, ಆಸ್ಪತ್ರೆಯ ದಾರಿ. ಮೂವತ್ತೊಂದು ವರ್ಷದಲ್ಲಿ ಬಸ್ಸಿಗೆ ಒಂದು ಗೀರು ಬಿದ್ದಿಲ್ಲ ಎಂಬುದು ಅವರ ಹೆಮ್ಮೆ. ಹಾರ್ನ್ ಹೊಡೆಯುವುದೆಂದರೆ ಅವರಿಗೆ ಬೀದಿಯಲ್ಲಿ ಬೈದ ಹಾಗೆ. ಗಂಡನ ಜತೆ ಬಾಳಲಾಗದೆ ಒಂದು ಪೆಟ್ಟಿಗೆ ಹಿಡಿದು ನಾನು ಇವರ ಬಾಗಿಲಿಗೆ ಬಂದ ದಿನ, ಭಾವ ಯಾಕೆ ಏನು ಎಂದು ಕೇಳದೆ ಹಿಂದಿನ ಕೋಣೆಯ ಬಲ್ಬ್ ಬದಲಾಯಿಸಿಕೊಟ್ಟರು. ಹನ್ನೆರಡು ವರ್ಷದಿಂದ ನಾನು ಆ ಕೋಣೆಯಲ್ಲೇ ಇದ್ದೇನೆ. ಆಸ್ಪತ್ರೆಯ ಎದುರಿನ ಅಂಚೆ ಕಚೇರಿಯಲ್ಲಿ ನನ್ನ ಪಾಳಿ ಹನ್ನೊಂದಕ್ಕೆ. ದಿನವೂ ಭಾವನ ಬಸ್ಸಿನಲ್ಲೇ, ಅವರ ಬೆನ್ನ ಹಿಂದಿನ ಸೀಟಿನಲ್ಲೇ ಹೋಗುತ್ತೇನೆ. ಸ್ಟಿಯರಿಂಗ್ ಪಕ್ಕದಲ್ಲಿ ಒಂದು ಪುಟ್ಟ ರೇಡಿಯೊ, ಅಕ್ಕ ತಾನೇ ಕೊಂಡು, ತಾನೇ ಸ್ಟೇಷನ್ ಹಿಡಿದುಕೊಟ್ಟದ್ದು. ಭಾವನಿಗೆ ಅಂಥ ಭಕ್ತಿಯೇನೂ ಇಲ್ಲ, ಅದಕ್ಕೆ 'ನಿಮ್ಮಕ್ಕನ ಪೆಟ್ಟಿಗೆ' ಎನ್ನುತ್ತಾರೆ. ಆದರೆ ಆಸ್ಪತ್ರೆಗೆ ಹೋಗುವ ಜನಕ್ಕೆ ಅದು ಬೇಕಾಗಿತ್ತು. ಹತ್ತೂವರೆಯ ಪ್ರಾರ್ಥನೆ ಬಂದಾಗ ಬಸ್ಸಿನಲ್ಲಿ ಅರ್ಧದಷ್ಟು ತಲೆಗಳು ತಾವಾಗಿಯೇ ಬಾಗುತ್ತಿದ್ದವು.

ಹೋದ ವರ್ಷ ಭಾವನ ಸಮವಸ್ತ್ರದ ಅಂಗಿಗಳು ಅಕ್ಕನಿಗೆ ಏನೋ ಹೇಳತೊಡಗಿದವು. ಎಡ ತೋಳಿನಲ್ಲಿ ಟೀ. ಎಡ ಮೊಣಕೈಯಲ್ಲಿ ಗೋಡೆಯ ಸುಣ್ಣ. ಪ್ಯಾಂಟಿನ ಎಡ ಮಂಡಿಯ ಮೇಲೆ ಕುರ್ಚಿಗೆ ತಗುಲಿದ ಗೀರು. ಬಲಗಡೆ ನೋಡಿದರೆ ಅಂಗಡಿಯಿಂದ ಆಗ ತಂದಂತೆ ಶುಭ್ರ. ಅವಳು ಒಂದು ತಿಂಗಳು ಯಾರಿಗೂ ಏನೂ ಹೇಳಲಿಲ್ಲ, ನೋಡುತ್ತಿದ್ದಳು. ಒಂದು ದಿನ ಬೆಳಿಗ್ಗೆ ಭಾವ ಮೇಜಿನ ಮುಂದೆ ಕೂತು ಷೂ ಕಟ್ಟುತ್ತಿದ್ದಾಗ, ಸದ್ದು ಮಾಡದೆ ಟೀ ಲೋಟವನ್ನು ಅವರ ಎಡಗಡೆ ಇಟ್ಟು ಹಿಂದೆ ಸರಿದಳು. ಅವರು ತಲೆ ಎತ್ತಿದರು.

"ಟೀ ಕೊಡಲ್ವೇನೆ ಇವತ್ತು?" ಎಂದರು.

ನಾನು ಬಾಗಿಲಲ್ಲೇ ನಿಂತಿದ್ದೆ. ಅಷ್ಟರಲ್ಲಿ ಅವರ ಕೈ ಲೋಟಕ್ಕೆ ತಗುಲಿ ಟೀ ಚೆಲ್ಲಿತು. ತೋಳು ಒದ್ದೆಯಾದ ಮೇಲೆ ಅವರಿಗೆ ವಿಷಯ ಅರ್ಥವಾಯಿತು.

"ಎಷ್ಟು ದಿನದಿಂದ?" ಎಂದಳು ಅಕ್ಕ.

"ಎರಡು ವರ್ಷ ಆಯ್ತೇನೋ. ಎದುರಿಗೆ ಇದ್ದದ್ದು ಕಾಣುತ್ತೆ. ಪಕ್ಕಕ್ಕೆ ಇಲ್ಲ."

"ಮತ್ತೆ ವರ್ಷಾ ವರ್ಷಾ ಕಣ್ಣು ಪರೀಕ್ಷೆ ಮಾಡ್ತಾರಲ್ಲ?"

"ಅದೇ ಅಕ್ಷರದ ಹಲಗೆ, ಮೂವತ್ತು ವರ್ಷದಿಂದ ಅದೇ ಗೋಡೇಲಿದೆ. ಬಾಯಿಪಾಠ ಆಗೋಗಿದೆ." ಅವರು ನಗಲು ನೋಡಿದರು, ಆಗಲಿಲ್ಲ. ಆಮೇಲೆ ಅಕ್ಕನ ಕೈ ಹಿಡಿದುಕೊಂಡರು. "ಇನ್ನು ಹದಿನಾಲ್ಕೇ ತಿಂಗಳು. ಮರ್ಯಾದೆಯಿಂದ ಇಳಿದುಬಿಡ್ತೀನಿ. ಕುರುಡ ಅಂತ ಕೆಳಗಿಳಿಸಿದ್ರು ಅನ್ನೋ ಮಾತು ಬೇಡ. ಒಂದು ನರಪಿಳ್ಳೆಗೂ ಹೇಳಲ್ಲ ಅಂತ ಮಾತು ಕೊಡು. ನೀನೂ ಅಷ್ಟೇ ಕಣಮ್ಮ."

ಅಕ್ಕ ಮಾತು ಕೊಟ್ಟಳು. ನಾನೂ ಕೊಟ್ಟೆ. ಬಲ್ಬ್ ಬದಲಾಯಿಸಿಕೊಟ್ಟ ಮನುಷ್ಯ ಕೇಳಿದ್ದನ್ನು ಇಲ್ಲ ಎನ್ನಲು ನನಗೆ ನಾಲಗೆ ಬರಲಿಲ್ಲ. ಈಗ ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ. ದಿನವೂ ನಲವತ್ತು ಜನರ ಜತೆ ಆ ಬಸ್ಸಿನಲ್ಲಿ ಕೂತು, ಎಡಗಡೆ ಸೈಕಲ್ ಕಂಡಾಗಲೆಲ್ಲ ಸೀಟಿನ ಕಂಬಿ ಹಿಡಿದು ಉಸಿರು ಬಿಗಿಹಿಡಿಯುತ್ತಿದ್ದೆ. ಕೆಲವು ಸಲ "ಭಾವ, ಎಡಕ್ಕೆ" ಎಂದು ಮೆಲ್ಲಗೆ ಹೇಳುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು. ನನ್ನ ಎರಡು ಕಣ್ಣು ಅವರಿಗೆ ಸಾಲ ಕೊಟ್ಟಿದ್ದೇನೆ ಎಂದು ಒಳಗೊಳಗೇ ಜಂಬ ಬೇರೆ.

ನನಗೆ ಜ್ವರ ಬಂದು ಮಲಗಿದ್ದ ದಿನ ಸೇತುವೆಯ ತಿರುವಿನಲ್ಲಿ ಬಸ್ಸು ಸೈಕಲ್ಲಿನ ಮೇಲಿದ್ದ ಹೆಂಗಸೊಬ್ಬಳನ್ನು ಸವರಿತು. ಅವಳು ಬಿದ್ದಳು. ಮಂಡಿ ತರಚಿತು, ಬುಟ್ಟಿಯ ಹಣ್ಣು ರಸ್ತೆಗೆ ಉರುಳಿತು, ಅಷ್ಟೇ. ಭಾವನಿಗೆ ಅದೂ ಕಾಣಲಿಲ್ಲ. ಪ್ರಯಾಣಿಕರು ಕೂಗಿದ ಮೇಲೆ ನಿಲ್ಲಿಸಿದರು. ಆ ಹೆಂಗಸು ದೂರು ಕೊಡಲಿಲ್ಲ, ತನ್ನದೇ ತಪ್ಪು ಎಂದುಕೊಂಡು ಕ್ಷಮೆ ಕೇಳಿ ಹೋದಳಂತೆ. ಸಂಜೆ ಭಾವ ಮನೆಗೆ ಬಂದು ಇದನ್ನು ಹೇಳಿದರು.

"ಬಿಟ್ಬಿಡಿ ರೀ. ನಾಳೆನೇ ಹೋಗಿ ಹೇಳಿಬಿಡಿ," ಎಂದಳು ಅಕ್ಕ.

"ಇನ್ನು ಹನ್ನೊಂದು ತಿಂಗಳು. ಹುಷಾರಾಗಿರ್ತೀನಿ."

"ಅವಳ ತಲೆ ಮೇಲೆ ಹತ್ತಿದ್ರೆ?"

"ಹತ್ತಲಿಲ್ವಲ್ಲ!" ಎಂದು ಕಿರುಚಿದರು. ಆ ಮನೆಯಲ್ಲಿ ಅವರ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮರುದಿನ ಅಕ್ಕ ಅಂಟಿಸಿದ ಲಕೋಟೆಯೊಂದನ್ನು ನನ್ನ ಕೈಗಿಟ್ಟಳು. ರೇಡಿಯೊದವರ ವಿಳಾಸ. "ಡಬ್ಬಿಗೆ ಹಾಕ್ಬೇಡ, ಕಳೆದುಹೋಗುತ್ತೆ. ನೀನೇ ಮುದ್ರೆ ಹಾಕಿ ಚೀಲಕ್ಕೆ ಬಿಡು," ಎಂದಳು. 'ನನ್ನ ಮನೆಯವರ ಆರೋಗ್ಯಕ್ಕಾಗಿ' ಎಂದು ಎಲ್ಲರ ಹಾಗೆ ಒಂದು ಸಾಲು ಬರೆದಿರುತ್ತಾಳೆ ಎಂದುಕೊಂಡೆ. ಅವಳ ಸ್ವಭಾವ ಗೊತ್ತಿದ್ದೂ ಒಳಗೆ ಏನಿದೆ ಎಂದು ಕೇಳಲಿಲ್ಲ. ತೂಕ ನೋಡಿ, ಮುದ್ರೆ ಒತ್ತಿ, ಚೀಲಕ್ಕೆ ಎಸೆದೆ.

ಎರಡು ವಾರ ಕಳೆಯಿತು. ಒಂದು ಗುರುವಾರ, ಮಾರ್ಕೆಟ್ಟಿನ ಸ್ಟಾಪ್ ಬಿಟ್ಟು ಬಸ್ಸು ಸೇತುವೆಯ ಕಡೆಗೆ ಹೊರಟಿತ್ತು. ನನ್ನ ಪಕ್ಕದಲ್ಲಿ ಫ್ಲಾಸ್ಕ್ ಹಿಡಿದ ಹೆಂಗಸು, ಆಚೆ ಸೀಟಿನಲ್ಲಿ ಎಕ್ಸ್-ರೇ ಲಕೋಟೆ ತೊಡೆಯ ಮೇಲಿಟ್ಟುಕೊಂಡ ಮುದುಕರು. ಹಾಡು ಮುಗಿದು ಹತ್ತೂವರೆಯ ಪಾಸ್ಟರ್ ಬಂದರು. ಎಂದಿನಂತೆ ಕೇಳುಗರ ಹೆಸರು ಓದುವುದಿಲ್ಲ ಎಂದು ಹೇಳಿದರು. ಕಾಗದ ಬಿಡಿಸಿದ ಸದ್ದಾಯಿತು.

"ಒಬ್ಬ ಸಹೋದರಿ ಬರೆಯುತ್ತಾರೆ. ನನ್ನ ಗಂಡ ಬಸ್ ಓಡಿಸುತ್ತಾರೆ. ಹದಿನೇಳನೇ ನಂಬರ್, ಆಸ್ಪತ್ರೆಯ ದಾರಿ, ಬೆಳಗಿನ ಪಾಳಿ. ಎಡಗಣ್ಣು. ಎದುರಿಗೆ ಸ್ವಲ್ಪ ಕಾಣುತ್ತದೆ, ಪಕ್ಕಕ್ಕೆ ಏನೂ ಇಲ್ಲ, ಎರಡು ವರ್ಷ ಹಳೆಯದು. ನಿನ್ನೆ ಸೇತುವೆಯ ತಿರುವಿನಲ್ಲಿ ಸೈಕಲ್ಲಿನಿಂದ ಬಿದ್ದ ಹೆಂಗಸು ಅವರಿಗೆ ಕಾಣಲಿಲ್ಲ. ಒಂದು ನರಪಿಳ್ಳೆಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ದೇವರೇ, ನಿನಗೊಬ್ಬನಿಗೇ ಹೇಳುತ್ತಿದ್ದೇನೆ. ಅವರ ಕಣ್ಣು ಸರಿಮಾಡು. ಆಗದಿದ್ದರೆ ಅವರ ಕೈ ತಡೆ."

ಹೆಸರೊಂದು ಬಿಟ್ಟು ಎಲ್ಲವೂ ಇತ್ತು. ಅಕ್ಕ ದೇವರಿಗೆ ಚೀಟಿ ಕಟ್ಟಿ ಕಳಿಸಿದ್ದಳು.

"ಬನ್ನಿ, ಕಣ್ಣು ಮುಚ್ಚಿ ಈ ಸಹೋದರನಿಗಾಗಿ ಪ್ರಾರ್ಥಿಸೋಣ," ಎಂದರು ಪಾಸ್ಟರ್. ಬಸ್ಸಿನಲ್ಲಿ ಅರ್ಧ ಜನ ಕಣ್ಣು ಮುಚ್ಚಿದರು. ನನಗೆ ಕಾಣುತ್ತಿದ್ದದ್ದು ಭಾವನ ಕುತ್ತಿಗೆ ಮಾತ್ರ. ಅದರ ಮೇಲೆ ಬೆವರು ಒಡೆಯಿತು.

ಅವರು ಸುಮ್ಮನೆ ಓಡಿಸಿಕೊಂಡು ಹೋಗಬಹುದಿತ್ತು. ಹದಿನೇಳನೇ ನಂಬರಿಗೆ ಬೆಳಗಿನ ಪಾಳಿಯಲ್ಲಿ ನಾಲ್ವರು ಡ್ರೈವರುಗಳಿದ್ದಾರೆ. ಯಾರೂ ಬೆರಳು ಮಾಡಿ ತೋರಿಸಿರಲಿಲ್ಲ. ಫ್ಲಾಸ್ಕಿನ ಹೆಂಗಸಂತೂ ಒಂದು ಕಣ್ಣು ತೆರೆದು ನನ್ನ ಕಿವಿಯಲ್ಲಿ, "ಪಾಪ, ಯಾವ ಡ್ರೈವರೋ ಏನೋ. ಇವರಲ್ಲ ಬಿಡಿ. ಇವರ ಬಸ್ಸು ಅಂದ್ರೆ ನಾನು ನಿದ್ದೆ ಮಾಡ್ಕೊಂಡು ಹೋಗ್ತೀನಿ," ಎಂದಳು. ಪಿಸುಮಾತೇ, ಆದರೆ ಭಾವನಿಗೆ ಕೇಳಿಸುವಷ್ಟು ಹತ್ತಿರ.

ಬಸ್ಸು ನಿಧಾನವಾಯಿತು. ಸೇತುವೆಗೆ ಇನ್ನೂ ನೂರು ಹೆಜ್ಜೆ ಇರುವಾಗ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು. ಹ್ಯಾಂಡ್ ಬ್ರೇಕ್ ಎಳೆದರು, ಎಂಜಿನ್ ಆರಿಸಿದರು. ಎದ್ದು ನಮ್ಮ ಕಡೆ ತಿರುಗಿದರು.

"ದಯವಿಟ್ಟು ಎಲ್ಲರೂ ಇಳೀರಿ. ಹಿಂದೆ ಇನ್ನೊಂದು ಬಸ್ಸು ಬರುತ್ತೆ, ಅದರಲ್ಲಿ ಹೋಗಿ."

"ಏನಾಯ್ತಪ್ಪ, ಬಸ್ಸು ಕೆಟ್ಟಿತಾ?" ಎಂದರು ಎಕ್ಸ್-ರೇ ಮುದುಕರು.

"ಬಸ್ಸು ಚೆನ್ನಾಗಿದೆ," ಎಂದರು ಭಾವ.

ರೇಡಿಯೊದಲ್ಲಿ ಅವರಿಗಾಗಿ ಪ್ರಾರ್ಥನೆ ಇನ್ನೂ ನಡೆಯುತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಮುದುಕರು ಇಳಿಯುವಾಗ ಭಾವನ ಭುಜ ಮುಟ್ಟಿ ಹೋದರು. ಫ್ಲಾಸ್ಕಿನ ಹೆಂಗಸು ಅವರ ಮುಖ ನೋಡಲಾರದೆ ನೆಲ ನೋಡುತ್ತ ಹೋದಳು. ಭಾವ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ಪಕ್ಕದಲ್ಲಿ ಕೂತೆ. "ಕಾಗದ ಯಾರು ಹಾಕಿದ್ದು?" ಎಂದು ಕೇಳಿದರು. "ನಾನೇ," ಎಂದೆ.

ಆಮೇಲೆ ಡಿಪೋ, ವಿಚಾರಣೆ, ಆಸ್ಪತ್ರೆ. ಎಡಗಣ್ಣಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಬಲಗಣ್ಣಿಗೂ ಅದೇ ಶುರುವಾಗಿತ್ತು. ದಿನಕ್ಕೆ ಎರಡು ಸಲ ಹನಿ ಹಾಕಿದರೆ ಅದನ್ನು ಉಳಿಸಿಕೊಳ್ಳಬಹುದು, ಇನ್ನು ಆರು ತಿಂಗಳು ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ ಎಂದರು. ಡಿಪೋದವರು ಮೂವತ್ತೊಂದು ವರ್ಷದ ಮುಖ ನೋಡಿ ಮನೆಗೆ ಕಳಿಸಲಿಲ್ಲ. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಸಾಮಾನು ಇಡುವ ಕೋಣೆಯಲ್ಲಿ ಒಂದು ಸ್ಟೂಲು ಕೊಟ್ಟರು. ಕೊಡೆ, ಚೀಲ, ಒಂಟಿ ಕೈಗವಸು. ಬಂದದ್ದಕ್ಕೆಲ್ಲ ಗುರುತು ಬರೆದು ಚೀಟಿ ಕಟ್ಟುವುದು ಈಗ ಅವರ ಕೆಲಸ. ಹಳೆಯ ಜತೆಗಾರರು ಕಿಟಕಿಯಲ್ಲಿ ಇಣುಕಿ, "ಏನ್ ಗುರುವೇ, ರೇಡಿಯೊ ಸ್ಟಾರ್!" ಎಂದು ತಮಾಷೆ ಮಾಡುತ್ತಿದ್ದರಂತೆ. ಮನೆಗೆ ಬಂದು ಅದನ್ನು ನನಗೆ ಹೇಳಿದವರು ಅಕ್ಕನಿಗೆ ಹೇಳಲಿಲ್ಲ.

ಅಕ್ಕನ ಜತೆ ಅವರು ಮಾತು ಬಿಟ್ಟಿದ್ದರು. ಉಪ್ಪು ಬೇಕಾದರೂ ನನ್ನ ಮುಖ ನೋಡಿ, "ಉಪ್ಪು ಕೊಡೋಕೆ ಹೇಳಮ್ಮ" ಎನ್ನುತ್ತಿದ್ದರು. ಅಕ್ಕ ದಿನಕ್ಕೆರಡು ಸಲ ಅವರ ಕಣ್ಣಿಗೆ ಹನಿ ಹಾಕುತ್ತಿದ್ದಳು. ಅವರು ತಲೆ ಹಿಂದಕ್ಕೆ ಚೆಲ್ಲಿ ಕೂರುತ್ತಿದ್ದರು, ಹನಿ ಬಿದ್ದ ಕೂಡಲೇ ಎದ್ದು ಹೋಗುತ್ತಿದ್ದರು. ಏಳು ವಾರ ಹೀಗೇ ನಡೆಯಿತು. ನನಗೆ ಇಬ್ಬರ ಮೇಲೂ ಸಿಟ್ಟು, ಇಬ್ಬರನ್ನು ನೋಡಿದರೂ ಅಯ್ಯೋ ಎನಿಸುತ್ತಿತ್ತು.

ಅಕ್ಕ ರೇಡಿಯೊ ಬಿಟ್ಟಳು. ಮನೆಯಲ್ಲಿದ್ದದ್ದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಳು. ಲಾಂಡ್ರಿಯಲ್ಲಿ ಗುಂಡಿ ಅಜ್ಜಿ ಹಚ್ಚಿದರೆ ಇವಳು ಹೋಗಿ ಆರಿಸುತ್ತಿದ್ದಳಂತೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಚೀಟಿ ಅದಲುಬದಲಾಗಿ ಯಾರದೋ ಕೋಟು ಯಾರ ಮನೆಗೋ ಹೋಯಿತು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಅಕ್ಕ, ಕಾಗದ ಓದ್ತಾರೆ ಅಂತ ನಿನಗೆ ಗೊತ್ತಿತ್ತು. ಭಾವನ ಬಸ್ಸಲ್ಲೂ ಅದೇ ಸ್ಟೇಷನ್ ಅಂತ ಗೊತ್ತಿತ್ತು. ನಿಜ ಹೇಳು."

ಅವಳು ಮಡಿಸುತ್ತಿದ್ದ ಅಂಗಿಯನ್ನು ಕೆಳಗಿಟ್ಟಳು. "ಬರೆಯುವಾಗ ಸರಿಯಾಗಿ ಬರೀಬೇಕು ಅನ್ನೋದೊಂದೇ ತಲೇಲಿತ್ತು ಕಣೆ. ಪ್ರಾರ್ಥನೆ ಬೇರೆ ಯಾರ ಕಣ್ಣಿಗೋ ಹೋಗಿ ಸೇರಿಬಿಟ್ರೆ ಅಂತ ಭಯ. ಅಂಟಿಸಿದ ಮೇಲೆ ಹೊಳೀತು, ಇದನ್ನ ಓದ್ತಾರಲ್ಲ ಅಂತ." ಅಂಗಿಯನ್ನು ಮತ್ತೆ ಎತ್ತಿಕೊಂಡಳು. "ಮತ್ತೆ ಬಿಚ್ಚಲಿಲ್ಲ. ಯಾಕೆ ಬಿಚ್ಚಲಿಲ್ಲ ಅಂತ ನನ್ನನ್ನ ಕೇಳ್ಬೇಡ. ದಿನಾ ದೇವರನ್ನ ಅದನ್ನೇ ಕೇಳ್ತಿದ್ದೀನಿ, ಅವನೂ ಈಗ ಮಾತಾಡ್ತಿಲ್ಲ." ಹೇಳಿದವಳೇ ಅತ್ತಳು. ನಾನೂ ಅತ್ತೆ. ಆ ದಿನ ಮೊದಲ ಸಲ ನನಗೆ ಮನೆಯಲ್ಲಿ ರೇಡಿಯೊ ಇಲ್ಲದ್ದು ಬಿಕೋ ಎನ್ನಿಸಿತು.

ಎಂಟನೆಯ ವಾರ, ಭಾನುವಾರ ಮಧ್ಯಾಹ್ನ. ಅಕ್ಕ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಭಾವ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಒಂದು ಹಾಳೆ.

"ಒಂದು ಕಾಗದ ಬರೆದುಕೊಡ್ತೀಯಾ? ಸಣ್ಣ ಸಾಲು ನನಗೆ ಸರಿಯಾಗಿ ಕಾಣಲ್ಲ."

"ಯಾರಿಗೆ ಭಾವ?"

"ನಿಮ್ಮಕ್ಕನ ಪೆಟ್ಟಿಗೆಯವರಿಗೆ. ಹತ್ತೂವರೆಗೆ ಓದ್ತಾರಲ್ಲ, ಅದಕ್ಕೆ."

ನಾನು ಪೆನ್ನು ತೆಗೆದುಕೊಂಡೆ. ಅವರು ಮಂಚದ ತುದಿಯಲ್ಲಿ ಕೂತು, ಡಿಪೋದ ಕೋಣೆಯಲ್ಲಿ ಕೊಡೆಗೆ ಗುರುತು ಬರೆಯುವ ಹಾಗೆ ಒಂದೊಂದಾಗಿ ಹೇಳಿದರು.

"ಬರಿ. ಒಬ್ಬ ಸಹೋದರಿ. ಲಾಂಡ್ರಿಯಲ್ಲಿ ಕೆಲಸ. ಬಲಗೈ, ಹೆಬ್ಬೆರಳಿನ ಬುಡ, ಇಸ್ತ್ರಿ ಸುಟ್ಟ ಗಾಯ, ಹನ್ನೆರಡು ದಿನ ಹಳೇದು."

ನಾನು ತಲೆ ಎತ್ತಿದೆ. ಒಂದೇ ಮನೆಯಲ್ಲಿದ್ದೂ ಆ ಗಾಯ ನಾನು ನೋಡಿರಲಿಲ್ಲ.

"ಹನಿ ಹಾಕುವಾಗ ಕಣ್ಣ ಮುಂದೆನೇ ಇರುತ್ತಲ್ಲ," ಎಂದರು. "ಬರಿ. ನಿದ್ದೆ ಇಲ್ಲ, ಏಳು ವಾರದಿಂದ. ಹಾಡು ಗುನುಗೋದು ಬಿಟ್ಟಿದ್ದಾಳೆ."

"ಮಹಡಿ ಮೇಲೇ ಇದಾಳೆ ಭಾವ. ನೀವೇ ಹೋಗಿ ಮಾತಾಡಬಾರದಾ?"

"ಆಗೋ ಹಾಗಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ? ಹೋದ್ರೆ ಗಂಟಲು ಕಟ್ಟುತ್ತೆ." ಹಾಳೆಯ ಮೇಲೆ ಬೆರಳು ತಟ್ಟಿದರು. "ಗುಂಡಿ ಅಜ್ಜಿಗೂ ಹೇಳು, ಹತ್ತೂವರೆಗೆ ಅವಳು ಏನೇ ಅಂದ್ರೂ ರೇಡಿಯೊ ಆರಿಸೋಕೆ ಬಿಡಬಾರ್ದು ಅಂತ."

"ಆಯ್ತು. ಏನು ಅಂತ ಬೇಡಿಕೊಳ್ಳೋದು?"

ಅವರು ಕಿಟಕಿಯ ಕಡೆ ತಿರುಗಿದರು.

"ಬೇಡಿಕೊಳ್ಳೋದು ಏನಿಲ್ಲ. ಆ ಸಹೋದರಿ ತನ್ನ ಗಂಡನಿಗೋಸ್ಕರ ಎರಡು ಕೇಳ್ಕೊಂಡಿದ್ಳು. ಮೊದಲನೇದು ಆಗ್ಲಿಲ್ಲ, ಎರಡನೇದು ಆಯ್ತು. ಅದನ್ನ ಅವಳಿಗೆ ಗಂಡ ಹೇಳೋಕೆ ಇಷ್ಟು ದಿನ ಬೇಕಾಯ್ತು. ಅಷ್ಟು ಬರಿ."

ಬರೆದೆ. ಅಕ್ಷರ ಕಲಸಿಹೋಗುತ್ತಿತ್ತು, ಎರಡು ಸಲ ಕಣ್ಣು ಒರೆಸಿಕೊಂಡೆ. "ಹೆಸರು ಬರೀಲಾ?" ಎಂದೆ.

"ಹೆಸರು ಬೇಡ. ಮಿಕ್ಕಿದ್ದೆಲ್ಲ ಸರಿಯಾಗಿದೆಯಾ ನೋಡು."

ಇನ್ನೊಂದು ಸಲ ಓದಿ ಹೇಳಿದೆ. ಕಾಗದ ಹೊರಡುವುದು ನಾಳೆಯಲ್ಲವೇ ಎಂದು ಅವರು ಹನ್ನೆರಡನ್ನು ಹದಿಮೂರು ಮಾಡಿಸಿದರು. ಮರುದಿನ ಹನ್ನೊಂದಕ್ಕೆ ಕೌಂಟರಿನಲ್ಲಿ ಕೂತು ಆ ಲಕೋಟೆಗೆ ನಾನೇ ಮುದ್ರೆ ಒತ್ತಿದೆ. ಈ ಸಲ ಒಳಗೆ ಏನಿದೆ ಎಂದು ನನಗೆ ಗೊತ್ತಿತ್ತು.